ಮಾತು ಬೆಳ್ಳಿ, ಮೌನ ಬಂಗಾರ: ಗಣಕಯಂತ್ರಕ್ಕೂ ಈ ಗಾದೆ ಸಲ್ಲುತ್ತದೆ

ಇದು ಗಣಕಯಂತ್ರದ ಯುಗ. ಒಂದನೆಯ ತರಗತಿಯ ಮಗುವಿನಿಂದ ಹಿಡಿದು ಮನೆಯಲ್ಲಿರುವ ಅಜ್ಜ ಅಜ್ಜಿಯರವರೆಗೆ ಎಲ್ಲರಿಗೂ ಅದರ ಪರಿಚಯವಿದೆ. ಹೊಸ ಗಣಕಯಂತ್ರ ಕೊಳ್ಳುವಾಗ ನಾವೆಲ್ಲ ತಪ್ಪದೆ ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಪ್ರೊಸೆಸರ್ ಯಾವುದು? ಮೆಮೊರಿ ಎಷ್ಟು? ಪರದೆ ಎಷ್ಟು ಅಂಗುಲ? ಆದರೆ ಗೋಡೆಯ ವಿದ್ಯುತ್ತನ್ನು ಒಳಗೆ ಬರಮಾಡಿಕೊಳ್ಳುವ, ಹಿಂಬದಿಯಲ್ಲಿ ಕುಳಿತ ಪವರ್ ಸಪ್ಲೈ ಬಗ್ಗೆ ಯಾರೂ ಒಂದು ಮಾತನ್ನೂ ಕೇಳುವುದಿಲ್ಲ. ಊರಿನಲ್ಲಿ ರಿಪೇರಿಯವರು ಇದನ್ನೇ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರನ್ನು ಯಾರೂ ಮಾತನಾಡಿಸುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಎಲ್ಲರೂ ಅವರನ್ನು ಹುಡುಕುತ್ತಾರೆ. ಈ ಪೆಟ್ಟಿಗೆಯ ಸ್ಥಿತಿಯೂ ಹಾಗೆಯೇ.

ಶಾಲೆಗಳು ಗಣಕಯಂತ್ರ ಕೊಳ್ಳುವ ಮೊದಲು ಈ ಪೆಟ್ಟಿಗೆಯನ್ನು ಎರಡು ವಿಷಯಗಳಲ್ಲಿ ಪರೀಕ್ಷಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಮೊದಲನೆಯದು, ಅದರ ದಕ್ಷತೆ. ಎರಡನೆಯದು, ಅದರ ಸದ್ದು. ಕನ್ನಡ ಕಲಿಸುವವರಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಭಾಷೆ ಮೊದಲು ಕಿವಿಗೆ ಬೀಳಬೇಕು, ಆಮೇಲೆ ನಾಲಿಗೆಗೆ ಬರಬೇಕು, ಕೊನೆಗೆ ಲೇಖನಿಗೆ ಇಳಿಯಬೇಕು. ಕಿವಿಯ ಬಾಗಿಲಲ್ಲೇ ಸದ್ದು ಅಡ್ಡ ನಿಂತರೆ ನಮ್ಮ ಪಾಠ ಎಲ್ಲಿಗೆ ಹೋಗಬೇಕು? ಆದ್ದರಿಂದ ಈ ವಿಷಯ ವಿಜ್ಞಾನ ಶಿಕ್ಷಕರಿಗೆ ಎಷ್ಟು ಸೇರಿದ್ದೋ ನಮಗೂ ಅಷ್ಟೇ ಸೇರಿದ್ದು.

ಮೊದಲು ಈ ಪೆಟ್ಟಿಗೆಯ ಕೆಲಸವೇನೆಂದು ನೋಡೋಣ. ಬಹ್ರೇನಿನಲ್ಲಿ ಗೋಡೆಯ ಸಾಕೆಟ್ಟಿನಿಂದ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್. ಅದು ಸೆಕೆಂಡಿಗೆ 50 ಆವರ್ತ ಹಿಂದೆ ಮುಂದೆ ಓಲಾಡುತ್ತದೆ. ನಮ್ಮ ಊರಿನಲ್ಲಿಯೂ ಹಾಗೆಯೇ. ಆದರೆ ಗಣಕಯಂತ್ರದ ಒಳಗಿನ ಭಾಗಗಳಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್. ಒರಟಾದ ಹೊರಗಿನ ವಿದ್ಯುತ್ತನ್ನು ಒಳಗಿನ ನಾಜೂಕು ಭಾಗಗಳಿಗೆ ಒಗ್ಗುವಂತೆ ಬದಲಾಯಿಸಿ ಕೊಡುವುದೇ ಪವರ್ ಸಪ್ಲೈ. ಒಂದರ್ಥದಲ್ಲಿ ಅದು ಭಾಷಾಂತರಕಾರನ ಕೆಲಸ. ಭಾಷಾಂತರದಲ್ಲಿ ಸ್ವಲ್ಪ ಅರ್ಥ ಸೋರಿಹೋಗುವಂತೆ ಇಲ್ಲಿಯೂ ಸ್ವಲ್ಪ ವಿದ್ಯುತ್ ಸೋರಿಹೋಗುತ್ತದೆ. ಸೋರಿದ್ದು ಶಾಖವಾಗುತ್ತದೆ. ಒಳಗೆ ಹೋದ ನೂರರಲ್ಲಿ ಎಷ್ಟು ಕೆಲಸಕ್ಕೆ ಬಂತು ಎಂಬುದೇ ದಕ್ಷತೆ. ನೂರು ವ್ಯಾಟ್ ತೆಗೆದುಕೊಂಡು ಎಂಬತ್ತು ಕೊಟ್ಟರೆ ದಕ್ಷತೆ ಶೇಕಡ 80. ಉಳಿದ ಇಪ್ಪತ್ತು ವ್ಯಾಟ್ ಬಿಸಿಗಾಳಿ.

ಇದೇ ಕೆಲಸ ಬೆಟ್ಟದಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುವ ಸ್ಥಳ ನಮ್ಮ ಹತ್ತಿರದಲ್ಲೇ ಇದೆ. ಬಹ್ರೇನಿನ ಪೂರ್ವ ಕರಾವಳಿಯಲ್ಲಿ ಅಸ್ಕರ್ ಎಂಬ ಹಳೆಯ ಮೀನುಗಾರರ ಹಳ್ಳಿ ಇದೆ. ಅದರ ನೆರೆಯಲ್ಲಿಯೇ ಅಲ್ಬಾ, ಅಂದರೆ ಅಲ್ಯೂಮಿನಿಯಂ ಬಹ್ರೇನ್ ಕಾರ್ಖಾನೆ ನಿಂತಿದೆ. 1968ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಕೆಲಸ ಆರಂಭಿಸಿದಾಗ ಅದರ ಸಾಮರ್ಥ್ಯ ವರ್ಷಕ್ಕೆ 1,20,000 ಟನ್. 2018ರ ಡಿಸೆಂಬರಿನಲ್ಲಿ ಆರನೆಯ ಸಾಲು ಶುರುವಾದ ಮೇಲೆ ಅದು ವರ್ಷಕ್ಕೆ ಹದಿನೈದು ಲಕ್ಷ ಟನ್ನನ್ನೂ ದಾಟಿತು. ಅಲ್ಯೂಮಿನಿಯಂ ತಯಾರಿಸಲು ಬೇಕಾದದ್ದು ನೇರ ವಿದ್ಯುತ್. ಅದಕ್ಕಾಗಿ ವಿದ್ಯುತ್ ಕೇಂದ್ರದಿಂದ ಬಂದ ಪರ್ಯಾಯ ವಿದ್ಯುತ್ತನ್ನು ರೆಕ್ಟಿಫಯರ್‌ಗಳು ನೇರ ವಿದ್ಯುತ್ತಾಗಿ ಬದಲಾಯಿಸುತ್ತವೆ. ಕರಗಿಸುವ ಒಂದೊಂದು ಕೊಪ್ಪರಿಗೆಗೆ ಬೇಕಾದದ್ದು ನಾಲ್ಕು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ನಮ್ಮ ಗಣಕಯಂತ್ರದೊಳಗಿನ 3.3 ಮತ್ತು 5 ವೋಲ್ಟುಗಳ ನಡುವಿನ ಲೆಕ್ಕ ಅದು! ಆದರೆ ಹರಿಯುವ ಪ್ರವಾಹ ಮಾತ್ರ ಲಕ್ಷಗಟ್ಟಲೆ ಆಂಪಿಯರ್. ಹೀಗೆ ನೋಡಿದರೆ ಅಸ್ಕರ್ ದಾರಿಯಲ್ಲಿ ಕಾಣುವ ಆ ಕಾರ್ಖಾನೆಯ ವಿದ್ಯುತ್ ವಿಭಾಗ ನಮ್ಮ ಮೇಜಿನ ಕೆಳಗಿರುವ ಪೆಟ್ಟಿಗೆಯ ದೊಡ್ಡಣ್ಣ.

ಒಂದು ಕಿಲೋ ಅಲ್ಯೂಮಿನಿಯಂ ತಯಾರಿಸಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಹದಿನೈದು ಲಕ್ಷ ಟನ್ನಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ 2,100 ಕೋಟಿ ಯೂನಿಟ್. ಇದರಲ್ಲಿ ಶೇಕಡ ಒಂದು ಸೋರಿದರೂ 21 ಕೋಟಿ ಯೂನಿಟ್ ನಷ್ಟ. ಅಷ್ಟು ದೊಡ್ಡ ಉದ್ಯಮದಲ್ಲಿ ದಕ್ಷತೆಯನ್ನು ದಿನವೂ ಅಳೆಯದೆ ಇದ್ದರೆ ನಡೆಯುವುದಿಲ್ಲ. ಕೊಪ್ಪರಿಗೆಯ ಬಳಿ ನಿಂತು ‘ಸರಿಯಾಗಿದೆ ಅನ್ನಿಸುತ್ತದೆ’ ಎಂದರೆ ಯಾರೂ ಒಪ್ಪುವುದಿಲ್ಲ. ಇಂಥ ಉದ್ಯಮಗಳಲ್ಲಿ ದುಡಿಯುವ ತಂದೆಯರ ಮಕ್ಕಳು ಓದುವ ಶಾಲೆಗಳಲ್ಲಿ ಮಾತ್ರ ನಾವು ಅಳತೆಯಿಲ್ಲದೆ ಯಂತ್ರ ಕೊಳ್ಳುತ್ತೇವೆ. ಇದು ಸರಿಯೇ?

‘ಮೇಡಂ, ಪೆಟ್ಟಿಗೆಯ ಮೇಲೆ ಬಂಗಾರದ ಬಣ್ಣದ ಮುದ್ರೆ ಇದೆಯಲ್ಲ, ಅದು ಸಾಲದೇ?’ ಎಂದು ಗಣಕಯಂತ್ರ ಬಲ್ಲ ಮಕ್ಕಳು ಕೇಳುತ್ತಾರೆ. ಜಾಣ ಪ್ರಶ್ನೆ. ಅದು 80 ಪ್ಲಸ್ ಎಂಬ ಯೋಜನೆಯ ಮುದ್ರೆ. 2004ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಯೋಜನೆಯ ನಿಯಮ ಸರಳ. ಪವರ್ ಸಪ್ಲೈ ತನ್ನ ಪೂರ್ಣ ಸಾಮರ್ಥ್ಯದ ಶೇಕಡ 20, 50 ಮತ್ತು 100ರಷ್ಟು ಹೊರೆ ಹೊತ್ತಾಗ ಪ್ರತಿ ಸಲವೂ ದಕ್ಷತೆ ಕನಿಷ್ಠ ಶೇಕಡ 80 ಇರಬೇಕು. 2008ರಿಂದ ಇದಕ್ಕೆ ಕಂಚು, ಬೆಳ್ಳಿ, ಬಂಗಾರ ಎಂಬ ದರ್ಜೆಗಳು ಸೇರಿದವು. ಅನಂತರ ಪ್ಲಾಟಿನಂ ಮತ್ತು ಟೈಟಾನಿಯಂ ಬಂದವು. 115 ವೋಲ್ಟಿನ ಪರೀಕ್ಷೆಯಲ್ಲಿ ಬಂಗಾರದ ದರ್ಜೆಗೆ ಆ ಮೂರು ಹೊರೆಗಳಲ್ಲಿ ಕ್ರಮವಾಗಿ ಶೇಕಡ 87, 90, 87 ದಕ್ಷತೆ ಬೇಕು. ಇದರಿಂದ ಜಗತ್ತಿಗೆ ಒಳ್ಳೆಯದೇ ಆಯಿತು. ಅದಕ್ಕೆ ಮೊದಲು ಶೇಕಡ 70ರ ಆಸುಪಾಸಿನಲ್ಲಿದ್ದ ಪೆಟ್ಟಿಗೆಗಳೇ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿದ್ದವು. 2007ರ ಎನರ್ಜಿ ಸ್ಟಾರ್ ನಿಯಮವೂ ಇದೇ ಮಟ್ಟವನ್ನು ಕೇಳಿದ ಮೇಲೆ ತಯಾರಕರು ಎಚ್ಚೆತ್ತರು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಮುದ್ರೆ ಏನನ್ನು ಹೇಳುವುದಿಲ್ಲ ಎಂಬುದನ್ನೂ ನಾವು ತಿಳಿಯಬೇಕು. ಒಂದು, ಅದರ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿ ತಂಪಿನ ಪ್ರಯೋಗಾಲಯದಲ್ಲಿ. ನಮ್ಮಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಗಾಳಿಯಾಡದ ಮೇಜಿನ ಕೆಳಗೆ ಪೆಟ್ಟಿಗೆಯೊಳಗಿನ ಬಿಸಿ ಬೇರೆ. ಎರಡು, ಸಾಮಾನ್ಯ ದರ್ಜೆಗಳ ಪರೀಕ್ಷೆ ಶುರುವಾಗುವುದೇ ಶೇಕಡ 20ರ ಹೊರೆಯಿಂದ. ಟೈಟಾನಿಯಂ ದರ್ಜೆಗೆ ಮಾತ್ರ ಶೇಕಡ 10ರ ಹೊರೆಯಲ್ಲೂ ಅಳತೆ ಇದೆ. ಶಾಲೆಯ ಗಣಕಯಂತ್ರದಲ್ಲಿ ಮಕ್ಕಳು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವಾಗ ಒಳಗೆ ಬೇಕಾಗುವುದು ಐವತ್ತು ಅರವತ್ತು ವ್ಯಾಟ್ ಮಾತ್ರ. ‘ದೊಡ್ಡದಿದ್ದರೆ ಒಳ್ಳೆಯದು’ ಎಂದು 600 ವ್ಯಾಟಿನ ಪೆಟ್ಟಿಗೆ ಹಾಕಿಸಿದರೆ ಅದು ವರ್ಷಪೂರ್ತಿ ಶೇಕಡ 10ರ ಹೊರೆಯಲ್ಲಿ ಓಡುತ್ತದೆ. ಅಷ್ಟು ಕಡಿಮೆ ಹೊರೆಯಲ್ಲಿ ದಕ್ಷತೆ ಇಳಿಯುತ್ತದೆ. ಬಂಗಾರದ ಮುದ್ರೆ ಅದರ ಬಗ್ಗೆ ಚಕಾರವೆತ್ತುವುದಿಲ್ಲ. ಇಬ್ಬರು ಕುಳಿತು ಹೋಗಲು ಬಸ್ಸನ್ನು ಬಾಡಿಗೆಗೆ ಹಿಡಿದಂತೆ ಇದು. ಮೂರನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, 80 ಪ್ಲಸ್ ಮುದ್ರೆಗೆ ಸದ್ದಿನ ಪರೀಕ್ಷೆಯೇ ಇಲ್ಲ. ಮೌನ ಬಂಗಾರ ಎಂದರು ಹಿರಿಯರು. ಆದರೆ ಈ ಬಂಗಾರಕ್ಕೆ ಮೌನದ ಹಂಗಿಲ್ಲ. ಸದ್ದನ್ನೂ ಅಳೆದು ದರ್ಜೆ ಕೊಡುವ ಸೈಬೆನೆಟಿಕ್ಸ್ ಎಂಬ ಸಂಸ್ಥೆ ಸೈಪ್ರಸ್‌ನಲ್ಲಿದೆ. ಅದು ದಕ್ಷತೆಗೆ ಈಟಾ, ಸದ್ದಿಗೆ ಲ್ಯಾಂಬ್ಡಾ ಎಂದು ಬೇರೆ ಬೇರೆ ದರ್ಜೆ ನೀಡುತ್ತದೆ. ಆದರೆ ನಮ್ಮ ಅಂಗಡಿಗಳಲ್ಲಿ ಅದನ್ನು ಕೇಳುವ ಗಿರಾಕಿ ಎಷ್ಟು ಮಂದಿ?

ಈಗ ಹಣದ ಲೆಕ್ಕಕ್ಕೆ ಬರೋಣ. ಗಣಿತ ಇಷ್ಟವಿರುವ ಮಕ್ಕಳು ಪೆನ್ಸಿಲ್ ಹಿಡಿದು ಜೊತೆಗೆ ಬನ್ನಿ. ಒಂದು ಪ್ರಯೋಗಾಲಯದಲ್ಲಿ 30 ಗಣಕಯಂತ್ರಗಳಿವೆ, ಪ್ರತಿಯೊಂದಕ್ಕೂ ಒಳಗೆ 60 ವ್ಯಾಟ್ ಬೇಕು ಎಂದು ಇಟ್ಟುಕೊಳ್ಳೋಣ. ಶೇಕಡ 70 ದಕ್ಷತೆಯ ಹಳೆಯ ಪೆಟ್ಟಿಗೆ ಗೋಡೆಯಿಂದ ಸುಮಾರು 85.7 ವ್ಯಾಟ್ ಎಳೆಯುತ್ತದೆ. ಶೇಕಡ 88 ದಕ್ಷತೆಯ ಒಳ್ಳೆಯ ಪೆಟ್ಟಿಗೆ 68.2 ವ್ಯಾಟ್ ಎಳೆಯುತ್ತದೆ. ವ್ಯತ್ಯಾಸ 17.5 ವ್ಯಾಟ್, ಮೂವತ್ತಕ್ಕೆ 525 ವ್ಯಾಟ್. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 200 ದಿನ, ಅಂದರೆ 1,200 ಗಂಟೆ ಓಡಿದರೆ 630 ಯೂನಿಟ್. ಬಹ್ರೇನಿನಲ್ಲಿ 2016ರಿಂದ ಹಂತ ಹಂತವಾಗಿ ಸಬ್ಸಿಡಿ ಕಡಿತಗೊಂಡು 2019ರಲ್ಲಿ ವಲಸಿಗರ ಮನೆಗಳ ವಿದ್ಯುತ್ ದರ ಯೂನಿಟ್‌ಗೆ 29 ಫಿಲ್ಸ್ ತಲುಪಿತ್ತು. ಲೆಕ್ಕಕ್ಕಾಗಿ ಆ ದರವನ್ನೇ ಬಳಸಿದರೆ ವರ್ಷದ ಉಳಿತಾಯ 18 ದಿನಾರ್ 270 ಫಿಲ್ಸ್. ಹೆಚ್ಚುವರಿ ಶಾಖವನ್ನು ಹೊರದಬ್ಬಲು ಏರ್ ಕಂಡೀಷನರ್ ಬಳಸುವ ವಿದ್ಯುತ್ತನ್ನು ಮೂರನೇ ಒಂದು ಭಾಗ ಎಂದು ಸೇರಿಸಿದರೂ ಅದು 24 ದಿನಾರ್ ಚಿಲ್ಲರೆ.

ನಿಜ ಹೇಳಬೇಕೆಂದರೆ ಇದು ದೊಡ್ಡ ಮೊತ್ತವಲ್ಲ. ಮೂವತ್ತು ಹೊಸ ಪೆಟ್ಟಿಗೆಗಳ ಬೆಲೆ ಈ ಉಳಿತಾಯದಿಂದ ವಾಪಸು ಬರಲು ಹಲವಾರು ವರ್ಷಗಳೇ ಬೇಕು. ಆದ್ದರಿಂದ ಕೆಲಸ ಮಾಡುತ್ತಿರುವ ಪೆಟ್ಟಿಗೆಗಳನ್ನೆಲ್ಲ ಕಿತ್ತೆಸೆಯಿರಿ ಎಂದು ನಾವು ಖಂಡಿತ ಹೇಳುವುದಿಲ್ಲ. ಎಸೆದದ್ದು ಮಾಯವಾಗುವುದೂ ಇಲ್ಲ. ದ್ವೀಪದ ಊರ ಕಸವೆಲ್ಲ ಹೋಗಿ ಸೇರುವ ಹೊಂಡ ಇರುವುದೂ ಅದೇ ಅಸ್ಕರ್ ಬಳಿಯಲ್ಲಿಯೇ. ಒಂದೇ ಊರಿನ ಒಂದು ಮಗ್ಗುಲಲ್ಲಿ ಲೋಹ ಹುಟ್ಟುತ್ತದೆ, ಇನ್ನೊಂದು ಮಗ್ಗುಲಲ್ಲಿ ನಾವು ಬಿಸಾಡಿದ್ದು ಮಣ್ಣಾಗಲು ಕಾಯುತ್ತದೆ. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೆ? ಹೇಗೂ ಕೊಳ್ಳಬೇಕಾಗಿ ಬಂದಾಗ ನೋಡಿ ಕೊಳ್ಳಿ ಎಂಬುದಷ್ಟೇ ನಮ್ಮ ಮಾತು. ಆ 630 ಯೂನಿಟ್ಟನ್ನು ಅಸ್ಕರ್‌ನ ಲೆಕ್ಕದಲ್ಲಿ ಹೇಳಿದರೆ ಸುಮಾರು 45 ಕಿಲೋ ಅಲ್ಯೂಮಿನಿಯಂ. ಒಂದು ಕೋಣೆಯ ಮಕ್ಕಳು ವರ್ಷಕ್ಕೆ ಅಷ್ಟು ಲೋಹದ ಶಕ್ತಿಯನ್ನು ಬಿಸಿಗಾಳಿಯಾಗಿ ಊದಿಬಿಡುತ್ತಾರೆ ಎಂದರೆ ಮನಸ್ಸಿಗೆ ನಾಟುತ್ತದೆ.

ಖರ್ಚಿಲ್ಲದ ಉಳಿತಾಯವೂ ಒಂದಿದೆ. ಗಣಕಯಂತ್ರವನ್ನು ‘ಆಫ್’ ಮಾಡಿದ ಮೇಲೂ ಪವರ್ ಸಪ್ಲೈ ಪೂರ್ತಿ ನಿದ್ದೆ ಮಾಡುವುದಿಲ್ಲ. ಒಂದು ಕಣ್ಣು ತೆರೆದೇ ಇರುತ್ತದೆ. ಯುರೋಪಿನ ನಿಯಮ 2010ರಲ್ಲಿ ಈ ಬಳಕೆಗೆ ಒಂದು ವ್ಯಾಟ್, 2013ರಲ್ಲಿ ಅರ್ಧ ವ್ಯಾಟ್ ಎಂದು ಮಿತಿ ಹಾಕಿತು. ಹಳೆಯ ಪೆಟ್ಟಿಗೆ ಎರಡು ವ್ಯಾಟ್ ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. ವರ್ಷದ 8,760 ಗಂಟೆಗಳಲ್ಲಿ ಶಾಲೆಯ ಯಂತ್ರ ಓಡುವುದು 1,200 ಗಂಟೆ. ಉಳಿದ 7,560 ಗಂಟೆ ಅದು ಸುಮ್ಮನೆ ಕುಳಿತಿರುತ್ತದೆ. ಮೂವತ್ತು ಯಂತ್ರಗಳಿಗೆ ಇದು ಸುಮಾರು 454 ಯೂನಿಟ್! ಹನಿ ಹನಿ ಕೂಡಿದರೆ ಹಳ್ಳ ಎಂಬುದು ಸುಳ್ಳಲ್ಲ. ಇಲ್ಲಿನ ಸಾಕೆಟ್ಟುಗಳಿಗೆ ಸ್ವಿಚ್ ಇದೆ. ಕೊನೆಯ ಪೀರಿಯಡ್ ಮುಗಿದ ಮೇಲೆ ತರಗತಿಯ ನಾಯಕ ಆ ಸ್ವಿಚ್ಚುಗಳನ್ನು ಆರಿಸಿದರೆ ಒಂದು ಫಿಲ್ಸ್ ಖರ್ಚಿಲ್ಲದೆ ಮುಕ್ಕಾಲು ಪಾಲು ಲಾಭ ಕೈಗೆ ಬಂದಂತೆ. ಬೇಸಿಗೆ ರಜೆಗೆ ಊರಿಗೆ ಹೊರಡುವ ಪಾಲಕರೂ ಮನೆಯಲ್ಲಿ ಇದನ್ನೇ ಮಾಡಬಹುದು.

ಹಣದ ಲೆಕ್ಕ ಹೀಗೆ ಮುಗಿಯುತ್ತದೆ. ಆದರೆ ಕಿವಿಯ ಲೆಕ್ಕ ಬೇರೆಯೇ ಇದೆ, ಮತ್ತು ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡದು. ದಕ್ಷತೆ ಮತ್ತು ಸದ್ದು ಒಂದೇ ಬಳ್ಳಿಯ ಎರಡು ಕಾಯಿಗಳು. ಮೇಲಿನ ಉದಾಹರಣೆಯಲ್ಲಿ ಹಳೆಯ ಪೆಟ್ಟಿಗೆಯೊಳಗೆ 25.7 ವ್ಯಾಟ್ ಶಾಖ ಹುಟ್ಟುತ್ತದೆ, ಹೊಸದರಲ್ಲಿ 8.2 ವ್ಯಾಟ್ ಮಾತ್ರ. ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಶಾಖ ಕಡಿಮೆಯಾದರೆ ಅದನ್ನು ಹೊರದೂಡುವ ಫ್ಯಾನ್ ನಿಧಾನವಾಗಿ ತಿರುಗಿದರೆ ಸಾಕು. ಫ್ಯಾನಿನ ವೇಗ ಅರ್ಧವಾದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಡೆಸಿಬೆಲ್ ಎಂಬುದು ನಮ್ಮ ಸಾಮಾನ್ಯ ಕೂಡು ಕಳೆ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಒಂದೇ ಸದ್ದಿನ ಎರಡು ಯಂತ್ರಗಳು ಸೇರಿದರೆ 3 ಡೆಸಿಬೆಲ್, ಹತ್ತು ಸೇರಿದರೆ 10 ಡೆಸಿಬೆಲ್, ಮೂವತ್ತು ಸೇರಿದರೆ ಸುಮಾರು 15 ಡೆಸಿಬೆಲ್ ಏರುತ್ತದೆ.

ಅಂಗಡಿಯಲ್ಲಿ ಒಂದೇ ಯಂತ್ರವನ್ನು ಹಚ್ಚಿ ‘ಸದ್ದೇ ಇಲ್ಲವಲ್ಲ’ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಒಂದು ಯಂತ್ರದ ಸದ್ದು 35 ಡೆಸಿಬೆಲ್ ಇದ್ದರೆ, ಒಂದೇ ದೂರದಲ್ಲಿರುವ ಮೂವತ್ತರ ಸದ್ದು 50 ಡೆಸಿಬೆಲ್ ಆಗುತ್ತದೆ. ಕೋಣೆಯಲ್ಲಿ ಎಲ್ಲವೂ ಒಂದೇ ದೂರದಲ್ಲಿರುವುದಿಲ್ಲವಾದ್ದರಿಂದ 45 ಎಂದು ಹಿಡಿಯೋಣ. ತರಗತಿಯಲ್ಲಿ ಪಾಠ ನಡೆಯುವಾಗ ಹಿನ್ನೆಲೆಯ ಸದ್ದು 35 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಾತು ಪೂರ್ತಿ ಅರ್ಥವಾಗಬೇಕಾದರೆ ಅದು ಹಿನ್ನೆಲೆಯ ಸದ್ದಿಗಿಂತ ಕನಿಷ್ಠ 15 ಡೆಸಿಬೆಲ್ ಮೇಲಿರಬೇಕು. ಶಿಕ್ಷಕರ ಸಹಜ ಧ್ವನಿ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ಪ್ರತಿಧ್ವನಿಯನ್ನು ಬಿಟ್ಟು ಲೆಕ್ಕ ಹಾಕಿದರೆ ನಾಲ್ಕು ಮೀಟರ್ ಆಚೆಯ ಹಿಂದಿನ ಬೆಂಚಿಗೆ ತಲುಪುವುದು 48 ಡೆಸಿಬೆಲ್. ಬೇಕಾದದ್ದು ಹದಿನೈದರ ಅಂತರ, ಸಿಕ್ಕಿದ್ದು ಮೂರರದ್ದು! ಹಿಂದಿನ ಬೆಂಚಿನ ಮಗು ‘ಗಮನ ಕೊಡುವುದಿಲ್ಲ’ ಎಂದು ವರದಿಯಲ್ಲಿ ಬರೆಯುವ ಮೊದಲು ಶಿಕ್ಷಕರಾದ ನಾವೆಲ್ಲರೂ ಈ ಲೆಕ್ಕವನ್ನೊಮ್ಮೆ ಮಾಡುವುದು ಒಳ್ಳೆಯದು.

ಕನ್ನಡಕ್ಕೆ ಇದರಿಂದ ಏನು ನಷ್ಟ? ಬಹ್ರೇನಿನ ಕನ್ನಡಿಗರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆಯವರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಆಟದ ಬಯಲಿನಲ್ಲಿ ಹಿಂದಿ, ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರಬ್ಬಿ. ವಾರಕ್ಕೆ ಕೆಲವೇ ಪೀರಿಯಡ್ ಕೇಳುವ ಪುಸ್ತಕದ ಕನ್ನಡವನ್ನು ಮಗು ಊಹಿಸಿ ತುಂಬಿಸಿಕೊಳ್ಳಲಾರದು. ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ ಅರ್ಧ ಪದ ಕೇಳಿದರೂ ಉಳಿದರ್ಧವನ್ನು ಮನಸ್ಸೇ ಪೂರೈಸುತ್ತದೆ. ಕಲಿಯುತ್ತಿರುವ ಭಾಷೆಯಲ್ಲಿ ಕೇಳದ ಅಕ್ಷರ ಇಲ್ಲದ ಅಕ್ಷರವೇ. ‘ಅಕ್ಕಿ’ಗೂ ‘ಹಕ್ಕಿ’ಗೂ, ‘ಆಡು’ವಿಗೂ ‘ಹಾಡು’ವಿಗೂ, ‘ಬಾರ’ದುದಕ್ಕೂ ‘ಭಾರ’ಕ್ಕೂ ಇರುವ ವ್ಯತ್ಯಾಸ ಒಂದು ಉಸಿರಿನಷ್ಟು. ಆ ಉಸಿರು ಬಹಳ ಮೆಲ್ಲನೆಯ ಧ್ವನಿ. ಫ್ಯಾನಿನ ಸದ್ದಾದರೂ ಏನು? ಅದು ನಿಲ್ಲದೆ ಹೊರಡುವ ಉದ್ದನೆಯ ಒಂದು ‘ಹ’ಕಾರ. ಹಕಾರದ ಸಮುದ್ರದಲ್ಲಿ ನಮ್ಮ ಪುಟ್ಟ ಹಕಾರ ಮುಳುಗಿಹೋದರೆ ಆಶ್ಚರ್ಯವೇನು? ಮಗು ‘ಹಕ್ಕಿ ಹಾರಿತು’ ಎಂಬುದನ್ನು ‘ಅಕ್ಕಿ ಆರಿತು’ ಎಂದು ಬರೆದರೆ ನಾವು ಕೆಂಪು ಶಾಯಿಯಲ್ಲಿ ತಪ್ಪು ಹಾಕುತ್ತೇವೆ. ಆ ತಪ್ಪಿನಲ್ಲಿ ಮೇಜಿನ ಕೆಳಗಿನ ಪೆಟ್ಟಿಗೆಗೂ ಪಾಲಿರಬಹುದು.

ನಮ್ಮ ಯಕ್ಷಗಾನವನ್ನು ನೋಡಿ. ಚೆಂಡೆಯ ಸದ್ದು ಮೈಲಿ ದೂರ ಕೇಳುತ್ತದೆ. ಆದರೆ ಪದ್ಯ ಮುಗಿದು ಪಾತ್ರಧಾರಿ ಅರ್ಥ ಹೇಳಲು ಶುರು ಮಾಡಿದ ಕೂಡಲೇ ಚೆಂಡೆ ತಾನಾಗಿ ಸುಮ್ಮನಾಗುತ್ತದೆ. ಮಾತಿಗೆ ಜಾಗ ಬಿಟ್ಟುಕೊಡುತ್ತದೆ. ಚೆಂಡೆಗೆ ಗೊತ್ತಿರುವ ಈ ಮರ್ಯಾದೆ ಫ್ಯಾನಿಗೆ ಗೊತ್ತಿಲ್ಲ. ಅದಕ್ಕೆ ಕಲಿಸಬೇಕಾದವರು ಕೊಳ್ಳುವ ನಾವೇ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ದೊಡ್ಡ ಪ್ರಯೋಗಾಲಯಗಳಲ್ಲಿ ಪವರ್ ಸಪ್ಲೈಗೆ ಬೇಕಾದಷ್ಟು ಹೊರೆ ಕೊಡುವ ವಿಶೇಷ ಯಂತ್ರವಿರುತ್ತದೆ. ಒಳಗೆ ಹೋದ ವ್ಯಾಟ್, ಹೊರಗೆ ಬಂದ ವ್ಯಾಟ್ ಎರಡನ್ನೂ ಒಟ್ಟಿಗೆ ಅಳೆಯುತ್ತಾರೆ. ಸದ್ದನ್ನು ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ಅಳೆಯುತ್ತಾರೆ. ಅಷ್ಟೆಲ್ಲ ಶಾಲೆಗೆ ಬೇಡ. ನಮ್ಮ ವಿಜ್ಞಾನ ಸಂಘದ ಮಕ್ಕಳು ಶಿಕ್ಷಕರ ಜೊತೆ ನಿಂತು ಮಾಡಬಹುದಾದ ಮೂರು ಸರಳ ಪರೀಕ್ಷೆಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದು ವ್ಯಾಟ್ ಮೀಟರ್ ಪರೀಕ್ಷೆ. ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಪುಟ್ಟ ಮೀಟರ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದೇ ಗಣಕಯಂತ್ರಕ್ಕೆ ತಿಳಿದವರಿಂದ ಬೇರೆ ಬೇರೆ ಪವರ್ ಸಪ್ಲೈ ಜೋಡಿಸಿ, ಒಂದೇ ಕೆಲಸ ಕೊಟ್ಟು, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಅನಂತರ ಒಂದು ಗಂಟೆಯ ಬಳಕೆಯನ್ನು ಬರೆದಿಡಬೇಕು. ಇದರಿಂದ ದಕ್ಷತೆಯ ನಿಖರ ಅಂಕಿ ಸಿಗುವುದಿಲ್ಲ, ಏಕೆಂದರೆ ಹೊರಬಂದ ವಿದ್ಯುತ್ತನ್ನು ನಾವು ಅಳೆದಿಲ್ಲ. ಆದರೆ ಒಳಗಿನ ಕೆಲಸ ಒಂದೇ ಆಗಿರುವುದರಿಂದ ಕಡಿಮೆ ಎಳೆದದ್ದೇ ಹೆಚ್ಚು ದಕ್ಷ ಎಂದು ಧೈರ್ಯವಾಗಿ ಹೇಳಬಹುದು. ‘ಆಫ್’ ಮಾಡಿದಾಗಿನ ಬಳಕೆಯನ್ನೂ ಬರೆದುಕೊಳ್ಳಿ. ಕಡಿಮೆ ಬೆಲೆಯ ಮೀಟರುಗಳು ಒಂದೆರಡು ವ್ಯಾಟಿನಲ್ಲಿ ತಡವರಿಸುತ್ತವೆ ಎಂಬುದು ನೆನಪಿರಲಿ. ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ, ಮಕ್ಕಳೇ. ಪವರ್ ಸಪ್ಲೈಯ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ವಿದ್ಯುತ್ ಉಳಿದಿರಬಹುದು. ಅದು ಪ್ರಾಣಕ್ಕೆ ಅಪಾಯ.

ಎರಡನೆಯದು ಸದ್ದಿನ ಪರೀಕ್ಷೆ. ಸಾಧ್ಯವಾದರೆ ಶಬ್ದಮಾಪಕ ಬಳಸಿ. ಮೊಬೈಲಿನ ಅಂಕಿಯನ್ನು ಅಂದಾಜು ಎಂದಷ್ಟೇ ತಿಳಿಯಿರಿ. ಎಲ್ಲ ಯಂತ್ರಗಳನ್ನೂ ಆರಿಸಿ ಕೋಣೆಯ ಸದ್ದನ್ನು ಅಳೆಯಿರಿ. ಅನಂತರ ಒಂದನ್ನು ಹಚ್ಚಿ ಒಂದು ಮೀಟರ್ ದೂರದಿಂದ ಅಳೆಯಿರಿ. ಕೊನೆಗೆ ಎಲ್ಲವನ್ನೂ ಹಚ್ಚಿ ಕೋಣೆಯ ನಡುವೆ ಮತ್ತು ಹಿಂದಿನ ಬೆಂಚಿನಲ್ಲಿ ಅಳೆಯಿರಿ. ಹಚ್ಚುವ ಮೊದಲಿನ ಮತ್ತು ಅನಂತರದ ಅಂತರ 3 ಡೆಸಿಬೆಲ್ ಇದ್ದರೆ ಯಂತ್ರದ ಸದ್ದು ಕೋಣೆಯ ಸದ್ದಿಗೆ ಸಮ. ಅಂತರ 10 ಇದ್ದರೆ ಕೋಣೆಯ ಸದ್ದನ್ನು ಮರೆತುಬಿಡಬಹುದು. ಗಣಕಯಂತ್ರದಲ್ಲಿ ಬೇರೆ ಫ್ಯಾನುಗಳೂ ಇರುತ್ತವೆ. ಕಾಗದವನ್ನು ಕೊಳವೆಯಂತೆ ಸುತ್ತಿ ಹಿಂಬದಿಯ ಹತ್ತಿರ ಹಿಡಿದು ಕೇಳಿದರೆ ಗದ್ದಲ ಯಾವುದರದ್ದೆಂದು ತಿಳಿಯುತ್ತದೆ. ಮರಳುಗಾಳಿಯ ನಾಡು ಇದು. ಎಷ್ಟೋ ಸಲ ಜಾಲರಿಯಲ್ಲಿ ಕೂತ ಧೂಳನ್ನು ಹೊರಗಿನಿಂದ ತೆಗೆದರೇ ಸದ್ದು ತಗ್ಗುತ್ತದೆ.

ಮೂರನೆಯದು ನಮ್ಮ ಪರೀಕ್ಷೆ, ಅಂದರೆ ಉಕ್ತಲೇಖನ. ಅಕ್ಕಿ ಹಕ್ಕಿಯಂಥ ಇಪ್ಪತ್ತು ಜೋಡಿ ಪದಗಳ ಎರಡು ಪಟ್ಟಿ ಮಾಡಿ. ಒಂದನ್ನು ಯಂತ್ರಗಳು ಆರಿರುವಾಗ, ಇನ್ನೊಂದನ್ನು ಓಡುತ್ತಿರುವಾಗ ಒಂದೇ ಧ್ವನಿಯಲ್ಲಿ ಓದಿ. ಮತ್ತೊಂದು ದಿನ ಪಟ್ಟಿಗಳನ್ನು ಅದಲು ಬದಲು ಮಾಡಿ ಓದಿ. ಎರಡೂ ದಿನದ ತಪ್ಪುಗಳನ್ನು ಬೆಂಚಿನ ಸಾಲುವಾರು ಎಣಿಸಿ. ಯಾವ ಮೀಟರೂ ಹೇಳದ ಸತ್ಯವನ್ನು ಮಕ್ಕಳ ಉತ್ತರ ಪತ್ರಿಕೆ ಹೇಳುತ್ತದೆ. ಸದ್ದಿನಿಂದ ತೊಂದರೆಯಿಲ್ಲ ಎಂದು ಗೊತ್ತಾದರೆ ಅದೂ ಸಂತೋಷವೇ. ಶಾಲೆಯ ಹಣ ಬೇರೆ ಕೆಲಸಕ್ಕೆ ಉಳಿಯಿತು.

‘ಏರ್ ಕಂಡೀಷನರ್ ಸದ್ದಿನ ಮುಂದೆ ಇದು ಯಾವ ಲೆಕ್ಕ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ನ್ಯಾಯವಿದೆ. ಏರ್ ಕಂಡೀಷನರ್ 50 ಡೆಸಿಬೆಲ್ ಇದ್ದು, ಗಣಕಯಂತ್ರಗಳೆಲ್ಲ ಸೇರಿ 40 ಡೆಸಿಬೆಲ್ ಇದ್ದರೆ, ಒಟ್ಟು ಸದ್ದು 50.4 ಮಾತ್ರ. ಆಗ ಪವರ್ ಸಪ್ಲೈ ಬದಲಿಸುವುದು ವ್ಯರ್ಥ. ಮೊದಲು ಏರ್ ಕಂಡೀಷನರ್ ರಿಪೇರಿಯಾಗಬೇಕು. ಆದರೆ ಇದನ್ನು ಹೇಳಲೂ ಅಳತೆಯೇ ಬೇಕಲ್ಲವೇ? ಅಳೆಯದೆ ‘ಅದು ಜೋರು, ಇದು ಮೆಲ್ಲಗೆ’ ಎನ್ನುವುದು ಕತ್ತಲಲ್ಲಿ ಕಲ್ಲು ಎಸೆದಂತೆ. ಇನ್ನು ಕೆಲವರು ‘ಮುಂದೆ ಎಲ್ಲವೂ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಈ ಪೆಟ್ಟಿಗೆಗಳೇ ಇರುವುದಿಲ್ಲ’ ಎನ್ನುತ್ತಾರೆ. ಇರಬಹುದು. ಆದರೆ ಇಂದು ಪ್ರಯೋಗಾಲಯದಲ್ಲಿ ಕುಳಿತಿರುವ ಮಗುವಿಗೆ ಇಂದಿನ ಕಿವಿಯೇ ಇರುವುದು. ಅದರ ಈ ವರ್ಷ ಮತ್ತೆ ಬರುವುದಿಲ್ಲ.

ಆದ್ದರಿಂದ ಶಾಲೆಯ ಆಡಳಿತ ಮಂಡಳಿಗೂ ಪಾಲಕರಿಗೂ ನಮ್ಮ ವಿನಂತಿ ಇಷ್ಟೇ. ಮುಂದಿನ ಸಲ ಗಣಕಯಂತ್ರದ ದರಪಟ್ಟಿ ತರಿಸುವಾಗ ಮಾರಾಟಗಾರರಿಗೆ ಮೂರು ಪ್ರಶ್ನೆ ಕೇಳಿ. 230 ವೋಲ್ಟಿನಲ್ಲಿ, ಶೇಕಡ 10 ಮತ್ತು 20ರ ಹೊರೆಯಲ್ಲಿ ದಕ್ಷತೆ ಎಷ್ಟು? ಅದೇ ಹೊರೆಯಲ್ಲಿ ಒಂದು ಮೀಟರ್ ದೂರಕ್ಕೆ ಸದ್ದು ಎಷ್ಟು? ‘ಆಫ್’ ಆಗಿರುವಾಗ ಎಷ್ಟು ವ್ಯಾಟ್ ಎಳೆಯುತ್ತದೆ? ಉತ್ತರ ಕಾಗದದಲ್ಲಿ ಬರಲಿ. ಬಂದ ಮಾದರಿ ಯಂತ್ರವನ್ನು ಮಕ್ಕಳು ಪರೀಕ್ಷಿಸಲಿ. ಫ್ರಿಜ್ಜಿನ ಮೇಲಿನ ನಕ್ಷತ್ರಗಳನ್ನು ಎಣಿಸುವ ಅಭ್ಯಾಸ ಭಾರತದಲ್ಲಿ 2006ರಿಂದ ನಮಗೆ ಬಂದಿದೆ. ಶಾಲೆಗೆ ಬರುವ ಯಂತ್ರಕ್ಕೂ ಆ ಅಭ್ಯಾಸ ಬರಬಾರದೇಕೆ?

ದೊಡ್ಡ ಕಾರ್ಖಾನೆಗಳಲ್ಲಿ ದುಡಿಯುವವರ ಕಿವಿಯನ್ನು ಕಾಪಾಡಲು ಸದ್ದನ್ನು ಅಳೆಯುತ್ತಾರೆ, ನಿಯಮ ಮಾಡುತ್ತಾರೆ, ಕಿವಿಗೆ ಮುಚ್ಚಳ ಕೊಡುತ್ತಾರೆ. ಶಾಲೆಯಲ್ಲಿ ಕಿವಿ ಮುಚ್ಚಿಕೊಂಡು ಪಾಠ ಕೇಳಲು ಆಗುವುದಿಲ್ಲ. ಸದ್ದೇ ತಗ್ಗಬೇಕು. ಅದಕ್ಕೆ ಬೇಕಾದದ್ದು ಹೆಚ್ಚು ಹಣವಲ್ಲ. ಕೊಳ್ಳುವ ಮುನ್ನ ಒಂದು ದಿನದ ಪರೀಕ್ಷೆ ಮತ್ತು ಸ್ವಲ್ಪ ತಾಳ್ಮೆ. ವಿಜ್ಞಾನ ಸಂಘದ ಮಕ್ಕಳು ಈ ಮೂರು ಪರೀಕ್ಷೆಗಳನ್ನು ಮಾಡಿ ಮುಂದಿನ ಸಂಚಿಕೆಗೆ ವರದಿ ಬರೆದುಕೊಟ್ಟರೆ ನಾವು ಅದನ್ನು ಕನ್ನಡ ಪುಟಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಅಂಕಿಗಳು ಹಿಡಿಸಿದರೂ ಸರಿ, ಹಿಡಿಸದಿದ್ದರೂ ಸರಿ, ಇದ್ದದ್ದು ಇದ್ದ ಹಾಗೆಯೇ ಬರೆಯಿರಿ.

ಕನ್ನಡ ಭಾಷಾ ಶಿಕ್ಷಕಿ, ಬಿ.ಎ., ಬಿ.ಎಡ್.